ಒಂದು ಮಂಡಲ ಒಳ್ಳೆಣ್ಣೆ

ನಲವತ್ತೆಂಟು ದಿನ, ಬೆರಳು ಮಡಚಿ ಎಣಿಸಿದಳು ಹನುಮಕ್ಕತ್ತೆ,
ಒಂದು ದಿನವೂ ತಪ್ಪಬಾರದು.
ಗಾಣದ ಒಳ್ಳೆಣ್ಣೆಯೇ ಆಗಬೇಕು, ಪ್ಯಾಕೆಟ್ಟಿಂದಲ್ಲ.
ಎದ್ದ ಬಾಯಲ್ಲಿ ಒಂದು ಚಮಚ,
ಹಾಲಿನ ಹಾಗೆ ಬೆಳ್ಳಗಾಗೋ ತನಕ ಮುಕ್ಕಳಿಸು.
ನುಂಗೀಯೆ, ಜೋಕೆ.
ಕರೆಯೆಲ್ಲ ಎಳಕೊಂಡು ಬರುತ್ತೆ, ನೋಡ್ತಿರು.

ಪಾವಗಡದ ಈ ಕಡೆ
ನನ್ನ ವಾರಿಗೆಯವರ ಹಲ್ಲಿಗೆಲ್ಲ ಒಂದೇ ಬಣ್ಣ,
ಹಳೇ ಬೆಲ್ಲದ್ದು.
ಕೆಲವರಿಗೆ ಚುಕ್ಕೆ, ಕೆಲವರಿಗೆ ಗೆರೆ.
ನನಗೆ ಮೇಲಿನ ನಾಲ್ಕಕ್ಕೂ ಅಡ್ಡವಾಗಿ
ಯಾರೋ ಎಳೆದು ಮರೆತ ಪಟ್ಟಿ.
ನೋಡಲು ಬಂದವರ ಮುಂದೆ ತುಟಿ ಬಿಚ್ಚದೆ ಕೂತು
ಗಂಭೀರದ ಹುಡುಗಿ ಅಂತ ಹೆಸರಾಯಿತು.
ಗಂಭೀರಕ್ಕೆ ಈಗ ಮೂವತ್ತೊಂದು.

ಮೊದಲ ದಿನ ವಾಕರಿಕೆ.
ಎರಡನೇ ದಿನ ಬೇಲಿಯಾಚೆಯಿಂದ ಪಾತಲಿಂಗ,
"ಏನಮ್ಮಾ, ಹೊತ್ತಾರೆಗೇ ಎಣ್ಣೇನಾ?"
ನಗು ಬಂತು, ತಡೆದೆ, ಮೂಗಿಗೇರಿತು.
ಆರು ರೂಪಾಯಿಯ ಒಳ್ಳೆಣ್ಣೆ
ಒಗೆಯುವ ಕಲ್ಲಿನ ಪಾಲು.
ಐದನೇ ದಿನಕ್ಕೆ ಕೆನ್ನೆ ಪಾಠ ಕಲಿಯಿತು:
ಎಡಕ್ಕೆ, ಬಲಕ್ಕೆ, ಸಂದಿಯಿಂದ ಹಿಂದಕ್ಕೆ,
ಎಮ್ಮೆ ಮೆಲುಕು ಹಾಕುವಷ್ಟು ನಿಧಾನ.
ಬಚ್ಚಲಿಗೆ ಉಗಿದರೆ ಪೈಪು ಕಟ್ಟುತ್ತದೆಂದು
ಸೀಬೆ ಗಿಡದ ಬುಡಕ್ಕೆ ಉಗಿದೆ.
ಇರುವೆಗಳು ಬಂದು, ಮೂಸಿ, ಹೋದವು.

ಏಳೂವರೆಗೆ ಶುದ್ಧ ನೀರಿನ ಘಟಕದ ಬೀಗ ತೆಗೆಯುವುದು ನನ್ನ ಕೆಲಸ.
ಐದರ ಬಿಲ್ಲೆ, ಇಪ್ಪತ್ತು ಲೀಟರು.
ಕ್ಯಾನು ಎಳೆದುಕೊಂಡು ಬರುವ ಮಕ್ಕಳು
ಈ ಮಿಷನ್ನು ಕೂತ ಮೇಲೆ ಹುಟ್ಟಿದವರು.
ಬಾಯಿ ಬಿಟ್ಟರೆ ಬಿಳೀ ಜೋಳ.
ಅಂಜಿನಮ್ಮನ ಮೊಮ್ಮಗಳು ಬಿಲ್ಲೆ ತೂರಿಸುತ್ತಾ,
"ಅಕ್ಕಾ, ಹಲ್ಲಿಗೆ ಟೀ ಅಂಟಿದೆ, ತೊಳ್ಕೋ."
ತೊಳೀತಾನೇ ಇದೀನಿ ಕಣೇ.

ಮೂವತ್ತನೇ ದಿನ ಸ್ಕೂಲಿನ ವರಾಂಡದಲ್ಲಿ ಹಲ್ಲಿನ ಕ್ಯಾಂಪು.
ಡಾಕ್ಟರಮ್ಮ ಒಸಡನ್ನು ಕಡ್ಡಿಯಿಂದ ತಟ್ಟಿ,
"ರಕ್ತ ಬರ್ತಿಲ್ಲ. ಏನು ಹಾಕಿ ಉಜ್ತೀರ?"
ಹೇಳಿದೆ, ನೆಲ ನೋಡಿಕೊಂಡು.
ಅವರು ನಗಲಿಲ್ಲ.
"ಬ್ರಷ್ಷೂ ಮಾಡ್ತೀರಲ್ಲ?
ಹಾಗಾದ್ರೆ ಯಾವುದರ ಪುಣ್ಯ ಅಂತ ನಾನು ಹೇಳಲಾರೆ.
ಎಣ್ಣೆಯಿಂದ ಒಸಡಿಗೆ ಒಂಚೂರು ಒಳ್ಳೇದಾಗಬಹುದು,
ಗಟ್ಟಿ ಪುರಾವೆ ಕಡಿಮೆ. ಬ್ರಷ್ ಬಿಡಬೇಡಿ, ಅಷ್ಟೆ.
ಆದರೆ ಇದು..."
ಪುಟ್ಟ ಕನ್ನಡಿಯನ್ನು ನನ್ನ ಕಡೆ ತಿರುಗಿಸಿದರು.
"ಮೇಲೆ ಅಂಟಿದ್ದಲ್ಲಮ್ಮ. ಒಳಗೇ ಬೆಳೆದದ್ದು.
ಹಲ್ಲು ಇನ್ನೂ ಒಸಡಿನೊಳಗೆ ಕಟ್ತಿದ್ದಾಗ
ನೀವು ಕುಡಿದ ನೀರು ಇದು.
ಎಣ್ಣೆ ಅಲ್ಲೀವರೆಗೆ ಹೋಗಲ್ಲ."

ಆ ನೀರು ನನಗೆ ಗೊತ್ತು.
ಬಾವಿ ಬತ್ತಿ, ಮುನ್ನೂರು ಅಡಿಗೆ ಬೋರು ಚಿಮ್ಮಿದ ದಿನ
ಅಪ್ಪ ಪೈಪಿಗೆ ಅರಿಶಿನ ಬಳಿದು ಕಾಯಿ ಒಡೆದನಂತೆ.
ಮೊದಲ ಲೋಟ ಮನೆಯ ಕೂಸಿಗೆ ಎಂದು
ನನ್ನ ಬಾಯಿಗೇ ಹಿಡಿದನಂತೆ.
ಕೊನೆಯವರೆಗೂ ಅವನ ಹಲ್ಲು ಬೆಳ್ಳಗಿದ್ದವು.
ಬೀಡಿ ಸೇದಿಯೂ.

ಆಮೇಲೂ ಹದಿನೆಂಟು ದಿನ ಮುಕ್ಕಳಿಸಿದೆ.
ಯಾಕೆಂದು ಕೇಳಬೇಡಿ,
ಲೆಕ್ಕ ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲ.
ನಲವತ್ತೆಂಟಕ್ಕೆ ಸರಿಯಾಗಿ ಅತ್ತೆ ಬಂದಳು,
ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿದಳು,
"ನೋಡ್ದೇನೇ, ಬೆಳ್ಳಗಾಗಿಲ್ವಾ ಒಂದಿಷ್ಟು?"
ಬಾಯಲ್ಲಿನ್ನೂ ಎಣ್ಣೆಯಿತ್ತು.
ಹೂಂ ಎಂದೆ.

ಉಳಿದ ಅರ್ಧ ಬಾಟಲಿಯನ್ನು
ಮಾವಿನಕಾಯಿ ಹೋಳಿನ ಮೇಲೆ ಸುರಿದೆ,
ಅದರ ಕಾಲ ಬಂದಿತ್ತು.
ಮೂರನೇ ವಾರ ಜಾಡಿ ತೆಗೆದಾಗ
ಮೊದಲ ಹೋಳು ಅತ್ತೆಗೆ.
ಕಣ್ಣು ಮುಚ್ಚಿ ಚೀಪಿದಳು, ಕಚ್ಚಲಾಗದೆ,
ಆಮೇಲೆ ಉಪ್ಪು ಹೆಚ್ಚಾಯಿತೆಂದು ನಕ್ಕಳು.
ಉಳಿದಿರುವುದು ಎರಡೇ ಹಲ್ಲು,
ಮುಂದಿನವು.
ಎರಡೂ ಬಾವಿ ನೀರಿನವು.