ಇಳಿದ ಸ್ಥಳ

ತಳಂಗರೆಯ ಮಮ್ಮುಂಞಿಚ್ಚ ಹಡಗಿನ ಭಂಡಾರಿ.
ಎಪ್ಪತ್ತೈದರ ಏಪ್ರಿಲ್, ಸೈಗಾನಿನಾಚೆ ಲಂಗರು.
ಮೀನು ಕೊಯ್ಯುತ್ತಿದ್ದಾಗ ಕಂಡನಂತೆ:
ತಗ್ಗಿ ಬಂದ ಹೆಲಿಕಾಪ್ಟರು
ಹೆಂಡತಿ, ಕೂಸು, ಒಂದು ಹೊಲಿಗೆಯಂತ್ರ
ಡೆಕ್ಕಿನ ಮೇಲಿಳಿಸಿ
ಮತ್ತೆ ಎದ್ದು, ದೂರ ಹೋಗಿ,
ಬೇಕೆಂದೇ ಕಡಲಿಗೆ ಬಿತ್ತು.

ಪೈಲಟು ಈಜಿ ಬಂದ,
ಹಲ್ಲಲ್ಲಿ ಕಚ್ಚಿಕೊಂಡು ಹಾರಾಟದ ಲೆಕ್ಕಪುಸ್ತಕ.

ಒಲೆಯ ಮೇಲೆ ಹಾಳೆ ಹಾಳೆ ಒಣಗಿಸಿದೆ,
ಹಪ್ಪಳದ ಹಾಗೆ, ಎನ್ನುತ್ತಾನೆ.
ದಕ್ಷಿಣ ವಿಯೆಟ್ನಾಮಿನ ವಾಯುಪಡೆಗೆ ಇಪ್ಪತ್ತು ವರ್ಷ,
ಅದರಲ್ಲಿ ಅವನದು ಹನ್ನೊಂದು.
ಹೊರಟ ಊರು, ಇಳಿದ ಊರು, ಗಂಟೆ, ನಿಮಿಷ.
ಸುಟ್ಟ ಊರಿಗೆ ಕಾಲಂ ಇರಲಿಲ್ಲ.

ಕೊನೆಯ ಸಾಲಲ್ಲಿ ಇಳಿದ ಸ್ಥಳ ಖಾಲಿ.
ಪೆನ್ನು ಕೊಟ್ಟೆ. ಬಹಳ ಹೊತ್ತು ಕೂತು
ಒಂದೇ ಪದ ಬರೆದ.
ಏನೆಂದರೆ ಲೋಟ ಎತ್ತಿ ತೋರಿಸಿದ: ನೀರು.
ಆಮೇಲೆ ಬಂದ ದಿಕ್ಕಿಗೆ ಕೈಮಾಡಿದ,
ಹೊಗೆಯ ಕೆಳಗೆ ಗೆರೆಯಷ್ಟು ದಡ.
ಅದಕ್ಕೂ ಅದೇ ಪದವಂತೆ.
ನೀರಿಗೂ ನಾಡಿಗೂ ಒಂದೇ.

ಅವನು ಮಲಯಾಳದಲ್ಲಿ ಹೇಳಿದ್ದು,
ನಾನು ಕನ್ನಡದಲ್ಲಿ ಬರೆದುಕೊಂಡದ್ದು
ಚಂದ್ರಗಿರಿ ಹೊಳೆಯ ಕಡವಿನ ಕಲ್ಲಿನ ಮೇಲೆ.
ಇದೇ ಗಡಿಯಾಗಬೇಕಿತ್ತು ಎನ್ನುತ್ತಿದ್ದರು
ನನ್ನ ಶಾಲೆಯ ಹಳೆಯ ಹೆಡ್ಮಾಸ್ತರು.
ಬಗ್ಗಿ ಬೊಗಸೆ ತುಂಬಿಕೊಂಡೆ.

"ಭರತ ಏರಿದೆ ಮಾಷೆ," ಎಂದ,
"ಈಗ ಹೊಳೆಯೂ ಉಪ್ಪು."