ಐದನೇ ಮಹಡಿಯ ಬಿಸಿಲು

ಸಿದ್ದಾಪುರದ ಈ ಓಣಿಗೆ
ಬಿಸಿಲು ಹನ್ನೊಂದೂಕಾಲಿಗೆ ಬರುತ್ತದೆ,
ಎರಡೂವರೆಗೆ ಹೊರಟುಬಿಡುತ್ತದೆ.
ಹೋದ ವರ್ಷ ಹೀಗಿರಲಿಲ್ಲ.
ಪೂರ್ವಕ್ಕೆ ಒಂದೇ ಒಂದು ಹಂಚಿನ ಮನೆ,
ಹಂಚಿನ ಮೇಲೆ ಬೆಕ್ಕು, ಬೆಕ್ಕಿನ ಮೇಲೆ ಆಕಾಶ.
ಈಗ ಅಲ್ಲಿ ಐದು ಮಹಡಿ
ಹಸಿರು ಬಲೆ ಹೊದ್ದು ನಿಂತಿದೆ.

ನನ್ನ ತೋಟವೆಂದರೆ ಹದಿನೇಳು ಪೇಂಟಿನ ಬಕೆಟ್ಟು,
ಮುನಿಕೃಷ್ಣ ಕೆಲಸ ಮುಗಿಸಿ ಬರುವಾಗ ತಂದವು.
ಒಂದೊಂದರ ಅಂಚಿಗೂ ಯಾರದೋ ಬೆಡ್‌ರೂಮಿನ ಬಣ್ಣ:
ತಿಳಿಗುಲಾಬಿಯಲ್ಲಿ ಬದನೆ, ಕೆನೆಬಣ್ಣದಲ್ಲಿ ಮೆಣಸಿನ ಗಿಡ,
ಆಸ್ಪತ್ರೆ ಹಸಿರಿನವು ಎಂಟು, ಎಂಟರಲ್ಲೂ ಗೋರಿಕಾಯಿ.
ಈ ಸಲ ಹುಚ್ಚೆದ್ದು ಕಾಯಿತು.
ಪಲ್ಯ ಮಾಡಿದೆ, ಮತ್ತೆ ಪಲ್ಯ ಮಾಡಿದೆ,
ಮೂರನೇ ದಿನ ಮಗಳು ತಟ್ಟೆ ನೋಡಿ
"ಇವತ್ತೂನಾ?" ಅಂದಳು.

ಅವತ್ತೇ ಒಣಗಿಸಲು ಕೂತೆ.
ನಾರು ತೆಗೆದು, ಕುದಿವ ಉಪ್ಪುನೀರಲ್ಲಿ ಎರಡೇ ನಿಮಿಷ
(ಬೇಯಬಾರದು, ಬೆದರಬೇಕು ಅಷ್ಟೆ),
ಹಳೇ ಪಂಚೆಯ ಮೇಲೆ ಹರವಿ
ಕಾಗೆಗೆಂದು ಪಕ್ಕದಲ್ಲಿ ಒಂದು ಮುರಿದ ಕೊಡೆ.
ಮೂರು ಗಂಟೆಯ ಬಿಸಿಲಿಗೆ ಏನು ಒಣಗೀತು?
ನಾಲ್ಕನೇ ಬೆಳಿಗ್ಗೆ ಬೂಷ್ಟು,
ಮಗುವಿನ ನೆತ್ತಿಗೂದಲಿನಷ್ಟು ಮೆತ್ತಗೆ.
"ಮೆಷಿನ್ ಬರತ್ತಂತೆ, ಆರು ತಟ್ಟೆದು" ಅಂದ ಮುನಿಕೃಷ್ಣ.
ಬೆಲೆ ಹೇಳಿದ. ಇಬ್ಬರೂ ಸುಮ್ಮನಾದೆವು.

ಎಸೆಯುತ್ತಿದ್ದೆ. ಮೇಲಿಂದ ಕೂಗು:
"ಯಕ್ಕಾ, ಬಿಸಿಲು ಇಲ್ಲೈತಿ, ತಗಂಡ್ ಬಾ!"
ವಾಚ್‌ಮನ್ ಹೆಂಡತಿ ಹುಲಿಗೆಮ್ಮ, ಯಾದಗಿರಿ ಕಡೆಯವಳು.
ಅಷ್ಟು ದಿನ ಆ ಕಟ್ಟಡವನ್ನು ಬೈದಿದ್ದೆನಲ್ಲ,
ಅದರಲ್ಲೊಬ್ಬಳು ಇದ್ದಾಳೆಂದು ಗೊತ್ತೇ ಇರಲಿಲ್ಲ.

ಹೊಸ ಗೋರಿಕಾಯಿ ಮೊರಕ್ಕೆ ತುಂಬಿ,
ಕೈಪಿಡಿಯಿಲ್ಲದ ಮೆಟ್ಟಿಲು, ಗೋಡೆಗೆ ಒರಗಿ ಒರಗಿ
ಹತ್ತಿ ನಿಂತರೆ, ಅಬ್ಬಾ,
ನನ್ನಿಂದ ಕಿತ್ತುಕೊಂಡ ಬಿಸಿಲೆಲ್ಲ
ಅಲ್ಲಿ ಸುಮ್ಮನೆ ಬಿದ್ದುಕೊಂಡಿತ್ತು.
ಆಚೆ ಲಾಲ್‌ಬಾಗಿನ ಕಪ್ಪು ಮರಗಳು,
ಕೆಳಗೆ ನನ್ನ ಬಕೆಟ್ಟುಗಳು, ಅಂಗಿಯ ಗುಂಡಿಯಷ್ಟು.
ಆಕಾಶಕ್ಕೆ ಚಾಚಿದ ಪಿಲ್ಲರಿನ ಕಂಬಿಗಳಿಗೆ
ಹಾಗಲಬಳ್ಳಿ ಹಬ್ಬಿಸಿದ್ದಳು.
ಬಿಲ್ಲೆಬಿಲ್ಲೆಯಾಗಿ ಕೊಯ್ದು ಸಿಮೆಂಟಿನ ಚೀಲದ ಮೇಲೆ
ಆರು ತಿಂಗಳಿಗಾಗುವಷ್ಟು ಹರವಿದ್ದಳು.

ನಾನು ಬಾಗಿಸಿ ನೋಡಿ ಒಣಗಿದೆ ಅಂದೆ.
"ಬಾಗಿದ್ರ ಒಣಗಿಲ್ಲ ಯಕ್ಕಾ, ಚಟ್ ಅಂತ ಮುರೀಬೇಕು."
ಕಿವಿಯ ಹತ್ತಿರ ಹಿಡಿದು ಮುರಿದು ತೋರಿಸಿದಳು,
ವೈದ್ಯರು ಕೇಳುವ ಹಾಗೆ ಕೇಳಿದೆ.

ಏಪ್ರಿಲ್ ಕೊನೆ. ನಾನು ರೇಷನ್ ಅಂಗಡಿಯ ಸಾಲಿನಲ್ಲಿ.
ನಾಲ್ಕಕ್ಕೆ ಮಾವಿನ ಮಳೆ, ಗಾಳಿ, ಆಲಿಕಲ್ಲು.
ಓಡಿ ಬಂದರೆ ನನ್ನ ಮೊರ
ಅವಳ ತಗಡಿನ ಮನೆಯೊಳಗೆ, ಹಾಸಿಗೆಯ ಮೇಲೆ, ಒಣಗಿಯೇ.
ಚಾ ಕುಡಿಸಿ ಕಳಿಸಿದಳು.
ಮಾರನೇ ದಿನ ಹೋದಾಗ ಕಂಡೆ,
ಅವಳ ಹಾಗಲ ನೀರುಂಡು ಊದಿಕೊಂಡು
ಮತ್ತೆ ಬಿಸಿಲಿಗೆ ಬಿದ್ದಿತ್ತು.
ಎರಡನ್ನೂ ಎತ್ತುವಷ್ಟು ಹೊತ್ತು ಮಳೆ ಕೊಟ್ಟಿರಲಿಲ್ಲ.
ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ,
ಈಗ ಕೇಳಬೇಕಿತ್ತು ಅನ್ನಿಸುತ್ತದೆ.

ನಾಲ್ಕು ಕಿಲೋ ಎರಡು ಹಾರ್ಲಿಕ್ಸ್ ಬಾಟಲಿಗೆ ಇಳಿಯಿತು.
ಮುಚ್ಚಿ ಒಂದು ದಿನ ಬಿಸಿಲಿಗಿಟ್ಟು ನೋಡಿದೆ,
ಗಾಜಿನ ಒಳಗೆ ಬೆವರಿರಲಿಲ್ಲ.
ಒಂದು ಅವಳಿಗೆ, ಒಂದು ನನಗೆ.

ಜೂನಿನಲ್ಲಿ ಹಸಿರು ಬಲೆ ಇಳಿಯಿತು.
ಕಂಬಿ ಕತ್ತರಿಸಿದರು, ಬಳ್ಳಿಯ ಸಮೇತ.
ಹುಲಿಗೆಮ್ಮನ ಮನೆ ಒಂದು ಟೆಂಪೋದಲ್ಲಿ ಅರ್ಧವೂ ತುಂಬಲಿಲ್ಲ,
ಹೊಸಕೋಟೆ ಕಡೆ ಇನ್ನೊಂದು ಸೈಟಂತೆ.
ಗೇಟಿಗೀಗ ಯೂನಿಫಾರ್ಮಿನ ಹುಡುಗ:
"ಯಾವ ಫ್ಲಾಟು ಮೇಡಂ?"
ಯಾವ ಫ್ಲಾಟೂ ಅಲ್ಲ.

ಆಗಸ್ಟು. ಎಂಟು ದಿನದಿಂದ ಜಿಟಿಜಿಟಿ,
ತರಕಾರಿ ಗಾಡಿ ಓಣಿಗೆ ಬಂದಿಲ್ಲ.
ಒಂದು ಹಿಡಿ ಬಿಸಿನೀರಿಗೆ ಹಾಕಿದೆ.
ಮೊದಲು ಕಟ್ಟಿಗೆ, ಆಮೇಲೆ ಚರ್ಮ,
ಗಂಟೆ ಕಳೆಯುವಷ್ಟರಲ್ಲಿ ಮತ್ತೆ ಕಾಯಿ.
ಹುಳಿ ಮಾಡಿದೆ. ಮಗಳು
ಏನೂ ಅನ್ನದೆ ಎರಡನೇ ಸಲ ಹಾಕಿಸಿಕೊಂಡಳು.
ನಾನು ತಿನ್ನುವಾಗ ಹಲ್ಲಿಗೆ
ಕರ್ ಅಂತ ಒಂದು ಮರಳಿನ ಕಾಳು.
ಉಗುಳಬೇಕಿತ್ತು.