ಹೆಗಲ ಹಿಂದೆ

ಕುತಾಯಿಸಿಯ ಸೇತುವೆ ಪಕ್ಕ ನನ್ನಂಗಡಿ.
ಎತೇರಿ ಅಜ್ಜಿ ತಂದದ್ದು ಒಂದೇ ಫೋಟೊ, ಅಂಗೈಯಷ್ಟು:
ಅಣ್ಣ, ಗೋಡೆ, ಒಂದು ಸೈಕಲ್ಲು.

ಹತ್ತಿರದ್ದಕ್ಕೆ ಬಿಳುಪು, ದೂರಕ್ಕೆ ಕಪ್ಪು ಬಳಿದೆ;
ಮೂಗಿಗೆ ಮೂಗಿನಷ್ಟೇ ಎತ್ತರ ಕೊಟ್ಟೆ.
ಒಂಟಿಗಣ್ಣಿನ ಚಿತ್ರದಿಂದ ಹನ್ನೆರಡು ನೋಟ ಸೀಳಿ
ಗೀರುಗೀರಿನ ಪ್ಲಾಸ್ಟಿಕ್ ಹಾಳೆಯಡಿ ಹೆಣೆದೆ.

ಅವನು ಎಡಕ್ಕೆ ಸರಿದಾಗ
ಹೆಗಲ ಹಿಂದೊಂದು ತೂತು ತೆರೆಯಿತು,
ಕ್ಯಾಮೆರಾ ಕಾಣದ್ದು, ಯಾರೂ ಹೇಳದ್ದು.
ಪಕ್ಕದ ಸುಣ್ಣವನ್ನೇ ಎಳೆದು ತೇಪೆ ಹಾಕಿದೆ.
ಗೊತ್ತಾಗದು. ನನ್ನ ಕಸುಬೇ ಅದು.

ಅಜ್ಜಿ ಚಿತ್ರವನ್ನು ಓರೆ ಮಾಡಿದಳು,
ಮತ್ತೆ ಓರೆ ಮಾಡಿದಳು, ಆಮೇಲೆ ತಾನೇ ಬಾಗಿದಳು
ಕಿಟಕಿಯೊಳಗೆ ಇಣುಕುವ ಹಾಗೆ.

"ಚೆನ್ನಾಗಿದೆ ಮಾಲ್ಖಾಜ್, ಉಸಿರಾಡ್ತಾನೆ.
ಆದರೆ ಅಲ್ಲಿದ್ದದ್ದು ಗೋಡೆಯಲ್ಲ.
ಫೋಟೊಗೆ ಒಲ್ಲೆನೆಂದು ಅವನ ಬೆನ್ನಿಗಂಟಿ
ಅಡಗಿದ್ದೆ ನಾನು,
ಬಾಯ್ತುಂಬ ಹಿಪ್ಪುನೇರಳೆ."

ದುಡ್ಡು ಎಣಿಸಿಟ್ಟಳು. ಚಿಲ್ಲರೆ ಬೇಡವೆಂದಳು.